ಜಗಲಿಯ ಗೋದಲಿ

ಮನೆಗಳಿಗೆ ಬಣ್ಣ ಬಳಿಯುವವನ ಕೈ ಎಂದಿಗೂ ಪೂರ್ತಿ ತೊಳೆದ ಹಾಗೆ ಆಗುವುದಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಿ, ಸೋಪು ಹಚ್ಚಿ, ತೆಂಗಿನ ನಾರಿನಿಂದ ಚರ್ಮ ಕೆಂಪಾಗುವ ತನಕ ತಿಕ್ಕಿದರೂ ಉಗುರಿನ ಸಂದಿಯಲ್ಲಿ ನಿನ್ನೆಯ ಗೋಡೆ ಒಂದಿಷ್ಟು ಉಳಿದೇ ಇರುತ್ತದೆ. ಊಟಕ್ಕೆ ಕೂತಾಗ ಅನ್ನದ ಪಕ್ಕದಲ್ಲಿ ಆ ನೀಲಿಯೋ ಹಸಿರೋ ಕಣ್ಣಿಗೆ ಬೀಳುತ್ತದೆ, ಯಾರ ಮನೆಯದೆಂದು ನೆನಪಾಗುತ್ತದೆ, ತುತ್ತು ಇಳಿಯುತ್ತದೆ. ಇದಕ್ಕಾಗಿ ನಾನು ಬೇಸರಪಟ್ಟವನಲ್ಲ. ಆದರೆ ಕಳೆದ ವರ್ಷದ ನಾತಾಳದ ನಂತರ, ಅಂದರೆ ನೀವು ಕ್ರಿಸ್ಮಸ್ ಎನ್ನುವ ಹಬ್ಬದ ನಂತರ, ನನ್ನ ಹೆಬ್ಬೆರಳನ್ನು ನೋಡಿಕೊಳ್ಳಲು ನನಗೇ ಹಿಂಜರಿಕೆ. ಏಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ಏಳನೇ ಕ್ಲಾಸಿನ ನಡುವೆಯೇ ಶಾಲೆ ಬಿಟ್ಟವನ ಬರವಣಿಗೆ ನೇರ ದಾರಿ ಹಿಡಿಯುವುದಿಲ್ಲ; ಸ್ನೇಹಿತರಾದ ನೀವು ತಾಳಿಕೊಳ್ಳಬೇಕು.

ಡಿಸೆಂಬರ್ ಬಂತೆಂದರೆ ಕಾರವಾರದಲ್ಲಿ ನನಗೆ ಗೋಡೆಯ ಕೆಲಸ ಕಡಿಮೆ, ಅಲಂಕಾರದ ಕೆಲಸ ಹೆಚ್ಚು. ಕಡಲ ದಂಡೆಯ ಹೋಮ್‌ಸ್ಟೇಗಳವರು, ಬೇಕರಿಯವರು, ಮೊಬೈಲ್ ಅಂಗಡಿಯವರು ಎಲ್ಲರಿಗೂ ನಕ್ಷತ್ರ ತೂಗಬೇಕು, ಪ್ಲಾಸ್ಟಿಕ್ ಮರ ನಿಲ್ಲಿಸಬೇಕು, ಥರ್ಮೋಕೋಲನ್ನು ಪುಡಿಮಾಡಿ ಅದರ ಮೇಲೆ ಹಿಮ ಸುರಿಸಬೇಕು. ಹಣೆಯ ಬೆವರು ಒರೆಸಿಕೊಳ್ಳುತ್ತ ಹಿಮ ಸುರಿಸುವ ಕಸುಬು ಪ್ರಪಂಚದಲ್ಲಿ ಇನ್ನೆಲ್ಲಿದೆಯೋ ನಾನರಿಯೆ. ಒಂದು ಹೋಮ್‌ಸ್ಟೇಯಲ್ಲಿ ಗೇಟು ಕಾಯುವವನಿಗೆ ಕೆಂಪು ಟೊಪ್ಪಿ ಹಾಕಿ ಹತ್ತಿಯ ಗಡ್ಡ ಅಂಟಿಸಿದ್ದೆವು. "ಗಡ್ಡದೊಳಗೆ ಇರುವೆ ಹೊಕ್ಕದೆ ಮಾರಾಯ, ಕೆರಕೊಂಡ್ರೆ ಸಾಹುಕಾರ್ರು ಬೈತ್ರು" ಎಂದು ಅವನು ಗೋಳಾಡಿದ. ಆ ಸಾಹುಕಾರರು ನನಗೆ ಮೊದಲೇ ತಾಕೀತು ಮಾಡಿದ್ದರು: ಮರ ಇರಲಿ, ನಕ್ಷತ್ರ ಇರಲಿ, ಗಂಟೆ ಜಿಂಕೆ ಎಲ್ಲ ಇರಲಿ, ಆದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಆ ಗೋದಲಿ ಮಾತ್ರ ಬೇಡ, ಎಲ್ಲ ಥರದ ಜನ ಬರುತ್ತಾರೆ, ನಮಗೆ ಹಬ್ಬ ಸಾಕು, ದೇವರು ಬೇಡ ಎಂದು.

ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವವನಾದ ನನಗೆ ಆ ಮಾತಿನಿಂದ ನೋವಾಗಬೇಕಿತ್ತು. ಆಗಿದ್ದು ನೆಮ್ಮದಿ. ನನ್ನ ತಪ್ಪಿನ ಬೇರು ಅಲ್ಲಿದೆ ಎಂದು ಈಗ ತೋರುತ್ತದೆ. ಎಲ್ಲರೂ ತೂಗಿಕೊಂಡ ನಕ್ಷತ್ರ ಯಾರದ್ದೂ ಅಲ್ಲ. ಅದರ ಕೆಳಗೆ ನಿಂತವನ ಹೆಸರೇನು, ಊರೇನು, ಯಾವ ಜನ ಎಂದು ಯಾರೂ ಕೇಳುವುದಿಲ್ಲ. ನನ್ನಂಥ ಸಂಶಯದ ಪ್ರಾಣಿಗೆ ಅದಕ್ಕಿಂತ ಒಳ್ಳೆಯ ಆಸರೆ ಬೇಕೆ? ಯಾರಾದರೂ ನಕ್ಕರೆ ಏಕೆ ನಕ್ಕರೆಂದೂ, ನಗದೆ ಹೋದರೆ ಏಕೆ ನಗಲಿಲ್ಲವೆಂದೂ ಲೆಕ್ಕ ಹಾಕುವ ಸ್ವಭಾವ ನನ್ನದು. ಬಸ್ಸಿನಲ್ಲಿ ಪಕ್ಕದವರು ಫೋನು ನೋಡುತ್ತ ಪಿಸುಗುಟ್ಟಿದರೆ ನನ್ನ ವಿಷಯವೇ ಎಂದುಕೊಳ್ಳುತ್ತೇನೆ. ಈಚಿನ ವರ್ಷಗಳಲ್ಲಿ ಎಲ್ಲೆಲ್ಲಿಯದೋ ವಿಡಿಯೋಗಳು ನನ್ನ ಫೋನಿಗೂ ಬಂದು ಬೀಳುತ್ತವೆ. ಎಲ್ಲೋ ಏನೋ ಒಡೆದರು, ಯಾರೋ ಯಾರನ್ನೋ ತಡೆದರು. ನಿಜವೋ ಸುಳ್ಳೋ, ನಮ್ಮ ಸೀಮೆಯದೋ ಅಲ್ಲವೋ, ಯಾವುದನ್ನೂ ವಿಚಾರಿಸದೆ ನಾನು ಅವನ್ನೆಲ್ಲ ನಂಬಿ, ಮನಸ್ಸಿನ ಕಪಾಟಿನಲ್ಲಿ ಒಪ್ಪವಾಗಿ ಜೋಡಿಸಿಟ್ಟುಕೊಳ್ಳುತ್ತಿದ್ದೆ.

ನನ್ನ ಅಕ್ಕ ಆಂಜೆಲಿನಾ ಇದಕ್ಕೆ ತದ್ವಿರುದ್ಧ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಮದುವೆಯಾಗಿ ಅಂಕೋಲೆಯ ಬಳಿಯ ಭಾವಿಕೇರಿಗೆ ಹೋದಳು. ಭಾವ ಪಾವ್ಲು ಕೈಗಾದ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದು ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹಿಡಿಯುತ್ತಾನೆ. ಅಕ್ಕ ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಅವರ ಓಣಿಯಲ್ಲಿ ಕ್ರೈಸ್ತರದು ಅದೊಂದೇ ಮನೆ. ಊರವರ ನಾಲಿಗೆಗೆ ಆಂಜೆಲಿನಾ ಒಗ್ಗದೆ ಅಂಜಲಿಯಾಗಿದ್ದಾಳೆ. ಅದು ಕೂಡ ನನಗೆ ಸಂಶಯವೇ: ಹೆಸರನ್ನೇ ತಮ್ಮ ಕಡೆ ಎಳೆದುಕೊಂಡರಲ್ಲ, ಇನ್ನು ಉಳಿದದ್ದೇನು ಎಂದು. ಅಕ್ಕನಿಗೆ ಹೇಳಿದರೆ, ಕರೆದಾಗ ಓಗೊಡುವವಳು ನಾನೇ ತಾನೆ ಎಂದು ನಕ್ಕುಬಿಟ್ಟಳು.

ಅವಳ ಹಬ್ಬದ ರೀತಿ ನೋಡಬೇಕು. ಕಾರವಾರವೆಲ್ಲ ತಿಂಗಳ ಮೊದಲೇ ಕೇಕು ತಿಂದು ಹಬ್ಬ ಮಾಡುವಾಗ ಅವಳು ಮಾತ್ರ ಉಪವಾಸದವಳ ಹಾಗೆ ಇರುತ್ತಾಳೆ. ಮೀನು ಮಾಂಸ ಇಲ್ಲ, ಸಿಹಿ ಇಲ್ಲ. ಬರುವವನು ಇನ್ನೂ ಬಂದಿಲ್ಲ, ಕಾಯುವುದೂ ಹಬ್ಬವೇ ಎನ್ನುತ್ತಾಳೆ. ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಹಸಿರು ಮಾಡುತ್ತಾಳೆ, ಬಿದಿರಿನ ಗಳ ಕಟ್ಟಿ, ಹೊಸ ಬತ್ತದ ಹುಲ್ಲು ಹೊದಿಸಿ ಗೋದಲಿ ನಿಲ್ಲಿಸುತ್ತಾಳೆ. ಅದೂ ಎಲ್ಲಿ? ಒಳಗಿನ ಕೋಣೆಯಲ್ಲಿ, ದೇವರ ಪೀಠದ ಕೆಳಗಲ್ಲ. ಹೊರ ಜಗಲಿಯಲ್ಲಿ, ರಸ್ತೆಗೆ ಮುಖ ಮಾಡಿ. ಮರಿಯಮ್ಮ, ಜೋಸೆಫ್, ಕುರುಬರು, ಕತ್ತೆ ಎಲ್ಲ ತಮ್ಮ ಜಾಗದಲ್ಲಿ ನಿಂತಿರುತ್ತವೆ. ನಡುವಿನ ತೊಟ್ಟಿಲು ಮಾತ್ರ ಖಾಲಿ. ದಾರಿಹೋಕರು ಬಗ್ಗಿ, ಶಿಶು ಎಲ್ಲಿ ಎಂದು ಕೇಳಿದರೆ, ಇನ್ನೂ ದಿನ ತುಂಬಿಲ್ಲ ಎನ್ನುತ್ತಾಳೆ, ನೆರೆಮನೆಯ ಬಸುರಿಯ ಸುದ್ದಿ ಹೇಳುವ ಹಾಗೆ. ಹಬ್ಬದ ಹಿಂದಿನ ಸಂಜೆ ಅಂಕೋಲೆಯ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದು ಬಾಲಯೇಸುವನ್ನು ಮಲಗಿಸುತ್ತಾಳೆ. ಹೊಸ ವರ್ಷ ಕಳೆದು ಹೋಮ್‌ಸ್ಟೇಗಳ ಥರ್ಮೋಕೋಲ್ ಹಿಮ ಗಟಾರದಲ್ಲಿ ತೇಲುವಾಗಲೂ, ಶಿಶುವನ್ನು ನೋಡಲು ಬಂದ ಮೂವರು ರಾಯರ ಹಬ್ಬದ ತನಕ, ಅವಳ ಗೋದಲಿ ಅಲ್ಲೇ ಇರುತ್ತದೆ.

ಅದನ್ನು ಒಳಗಿಡು ಎಂದು ನಾನು ವರ್ಷವೂ ಜಗಳವಾಡುತ್ತಿದ್ದೆ. ನಕ್ಷತ್ರ ಒಂದು ಸಾಕು, ಈಗ ಎಲ್ಲರೂ ತೂಗುತ್ತಾರೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದೆ. ಆಗ ಅವಳು ಯಂತ್ರದ ಸೂಜಿಗೆ ದಾರ ಪೋಣಿಸುತ್ತ, ನನ್ನ ಮುಖ ನೋಡದೆ ಹೇಳಿದಳು: "ನಕ್ಷತ್ರ ದಾರಿ ತೋರಿಸ್ಲಿಕ್ಕೆ ಅಲ್ವಾ ಮಿಂಗೇಲಾ? ದಾರಿ ತೋರಿಸಿ, ಬಂದವ್ರಿಗೆ ಬಾಗಿಲು ಹಾಕಿಕೊಂಡ್ರೆ ಅದು ಎಂಥ ಮರ್ಯಾದೆ?"

ಹೆರುವ ರಾತ್ರಿ ಊರವರಿಂದ ಬಾಗಿಲು ಮುಚ್ಚಿಸಿಕೊಂಡ ಗರ್ಭಿಣಿ ಮರಿಯಮ್ಮನ ಕತೆಯನ್ನು ಪ್ರತಿ ವರ್ಷ ಕೇಳಿ ಬೆಳೆದವನು ನಾನು. ಆದರೆ ಸಂಶಯ ಉತ್ತರಕ್ಕೆ ಕಾಯುವುದಿಲ್ಲವಲ್ಲ. ಅಕ್ಕ ಇದನ್ನೆಲ್ಲ ತೋರಿಕೆಗೆ ಮಾಡುತ್ತಾಳೋ, ಊರಲ್ಲಿ ಭಕ್ತೆ ಎನಿಸಿಕೊಳ್ಳುವ ಆಸೆಯೋ ಎಂದು ಅವಳ ಮೇಲೂ ಅನುಮಾನಪಟ್ಟೆ. ಒಬ್ಬರು ಭಕ್ತಿಯನ್ನು ಜಗಲಿಯಲ್ಲಿಟ್ಟರೆ ಅದು ಪ್ರದರ್ಶನವೋ, ಇನ್ನೊಬ್ಬರು ಅದನ್ನು ಕಿಸೆಯಲ್ಲಿಟ್ಟರೆ ಅದು ವಿನಯವೋ ಹೇಡಿತನವೋ, ತೂಗಿ ಹೇಳುವ ತಕ್ಕಡಿ ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ನಾನು ಅದರಲ್ಲಿ ನನ್ನನ್ನು ಮಾತ್ರ ಬಿಟ್ಟು ಉಳಿದವರನ್ನೆಲ್ಲ ತೂಗುತ್ತಿದ್ದೆ.

ಗೋದಲಿಯ ಹುಲ್ಲು ಬರುತ್ತಿದ್ದದ್ದು ಬೇಲಿಯಾಚೆಯ ಬೀರಮ್ಮನ ಮನೆಯಿಂದ. ಬೀರಮ್ಮ ಅಕ್ಕನಿಗಿಂತ ಸಾಕಷ್ಟು ದೊಡ್ಡವಳು. ಮಗನ ಜೊತೆ ಒಂದಿಷ್ಟು ಗದ್ದೆ ಮಾಡಿಕೊಂಡು, ಬತ್ತ ಕೊಯ್ದ ಮೇಲೆ ಅದರಲ್ಲೇ ಶೇಂಗಾ, ಹರಿವೆ ಬೆಳೆದು, ಬಿಡುವಾದಾಗ ಕೂಲಿಗೂ ಹೋಗುವವಳು. ಆ ಓಣಿಯ ಮಕ್ಕಳಲ್ಲಿ ಅರ್ಧಕ್ಕರ್ಧ ಅವಳ ಕಾಲ ಮೇಲೆ ಮಲಗಿ ಎಣ್ಣೆ ನೀರು ಹಾಕಿಸಿಕೊಂಡವರು. ಹೊಸ ಹುಲ್ಲಿನ ಹೊರೆಯನ್ನು ಜಗಲಿಯ ಮೇಲೆ ಕೆಡವಿ, ನಿಮ್ಮ ದೇವರಿಗೆ ಈ ಸಲವೂ ಸೋರುವ ಮನೆಯೇ ಗತಿಯಾ, ಕಾರವಾರದ ತಮ್ಮ ಪೇಂಟರ್ ಇದ್ದೂ ಒಂದು ಸಿಮೆಂಟಿನ ಮಾಡು ಹಾಕಿಸಿಕೊಡಲಿಲ್ಲವಾ ಎಂದು ನನ್ನನ್ನು ಕೆಣಕುತ್ತಿದ್ದಳು. ಅವಳು ಆ ಮನೆಯ ಒಳಗೆ ಹೊರಗೆ ಓಡಾಡುವುದು ಬೆಕ್ಕು ಓಡಾಡಿದ ಹಾಗೆ. ಬಂದದ್ದೂ ಗೊತ್ತಾಗದು, ಹೋದದ್ದೂ ಗೊತ್ತಾಗದು. ಪಾವ್ಲು ಪಾಳಿಗೆ ಹೋದ ಎಷ್ಟೋ ದಿನ ಅಕ್ಕನಿಗೆ ಜ್ವರ ಬಂದಾಗ ಗಂಜಿ ಮಾಡಿ ಹಾಕಿದ್ದು ಇದೇ ಬೀರಮ್ಮ. ಗೋದಲಿ ರಸ್ತೆ ಬದಿಯಲ್ಲಿ ನಿರ್ಭಯವಾಗಿ ನಿಂತಿರುವುದು ಬಿದಿರಿನ ಗಳದ ಬಲದಿಂದಲ್ಲ, ಇಂಥವರ ಬಲದಿಂದ ಎಂಬುದು ಅಕ್ಕನಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಕಳೆದ ವರ್ಷ ಹಬ್ಬದ ದಿನ ಬೆಳಿಗ್ಗೆ ನಾನು ಕಾರವಾರದಿಂದ ಬಸ್ಸು ಹಿಡಿದು ಭಾವಿಕೇರಿಗೆ ಹೋದೆ. ಹಿಂದಿನ ದಿನವೆಲ್ಲ ಒಂದು ಹೋಮ್‌ಸ್ಟೇಯ ಗೇಟಿಗೆ ನೀಲಿ ಬಣ್ಣ ಹೊಡೆದು ಕೈ ಇನ್ನೂ ಹಾಗೇ ಇತ್ತು. ಮೆಟ್ಟಿಲ ಹತ್ತಿರ ಬರುವಾಗ ಇಬ್ಬರು ಹುಡುಗರು ಬೈಕು ನಿಧಾನ ಮಾಡಿ, ಗೋದಲಿಯ ಕಡೆ ಕತ್ತು ತಿರುಗಿಸಿ, ಏನೋ ಹೇಳಿಕೊಂಡು ನಕ್ಕು ಹೋದರು. ಅಷ್ಟು ಸಾಕಾಯಿತು. ಚಪ್ಪಲಿ ಬಿಟ್ಟವನೇ ಬಗ್ಗಿ ನೋಡಿದೆ. ಬಾಲಯೇಸುವಿನ ಎಡಗೆನ್ನೆಯ ಮೇಲೆ ಒಂದು ಕಪ್ಪು ಮಚ್ಚೆ. ಮುಂಗೈಗೆ ಕಪ್ಪು ದಾರ. ತೊಟ್ಟಿಲ ಹುಲ್ಲನ್ನು ಸರಿಸಿದರೆ ಕೆಳಗೆ ತುಕ್ಕು ಹಿಡಿದ ಕತ್ತಿಯ ಮುರಿದ ತುಂಡು.

ಈಗ ಯೋಚಿಸಿ, ಸ್ನೇಹಿತರೆ. ಕರಾವಳಿಯಲ್ಲಿ ಹುಟ್ಟಿದ ಯಾವನಿಗೆ ಈ ಮೂರರ ಅರ್ಥ ಗೊತ್ತಿಲ್ಲ? ಹಸುಗೂಸಿನ ಕೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು, ಕೈಗೆ ಕರಿದಾರ, ತೊಟ್ಟಿಲಡಿಗೆ ಗಾಳಿ ಸೋಕದಿರಲೆಂದು ಕಬ್ಬಿಣದ ಚೂರು. ಆ ಓಣಿಯಲ್ಲಿ ನಾನು ಕಂಡ ಪ್ರತಿಯೊಂದು ಶಿಶುವಿನ ಮುಖದಲ್ಲೂ ಆ ಬೊಟ್ಟನ್ನು ಕಂಡಿದ್ದೇನೆ. ಅಷ್ಟಾದರೂ ನನ್ನ ದೇವರ ಕೆನ್ನೆಯ ಮೇಲೆ ಅದನ್ನು ಕಂಡಾಗ ನನಗೆ ಗುರುತೇ ಸಿಗಲಿಲ್ಲ. ಏಕೆಂದರೆ ಅಲ್ಲಿ ಒಂದು ಕೂಸು ಮಲಗಿದೆ ಎಂದು ನಾನು ಎಂದೂ ಅಂದುಕೊಂಡವನೇ ಅಲ್ಲ. ಬೊಟ್ಟು ಇಟ್ಟವಳು ಅಲ್ಲಿ ಕೂಸನ್ನು ಕಂಡಿದ್ದಳು. ನಾನು ಬಾವುಟವನ್ನು ಕಂಡಿದ್ದೆ. ನಮ್ಮದೊಂದು ಬಾವುಟ, ಅದಕ್ಕೆ ಯಾರೋ ಮಸಿ ಬಳಿದಿದ್ದಾರೆ, ಕೆಳಗೆ ಮಾಟದ ಕಬ್ಬಿಣ ಬೇರೆ ಇಟ್ಟಿದ್ದಾರೆ. ಕಾಡಿಗೆಯೂ ದೀಪದ ಮಸಿಯೇ ಎನ್ನಿ. ಹಚ್ಚುವ ಬೆರಳಿನಲ್ಲಿ ಏನಿದೆ ಎನ್ನುವುದರ ಮೇಲೆ ಅದು ಹಾರೈಕೆಯೋ ಅವಮಾನವೋ ಆಗುತ್ತದೆ. ನಾನು ಬೆರಳನ್ನು ವಿಚಾರಿಸಲಿಲ್ಲ.

ಪಾವ್ಲು ಪಾಳಿಗೆ ಹೋಗಿದ್ದ; ಒಳಗೆ ಅಕ್ಕ ಎಣ್ಣೆ ಬಾಣಲೆಯ ಮುಂದೆ ಹಾಡು ಗುನುಗುತ್ತ ಹಬ್ಬದ ಸಿಹಿ ನೆವ್ರಿ ಕರಿಯುತ್ತಿದ್ದಳು. ಒಂದು ಮಾತು ಕೂಗಿ ಕೇಳಿದ್ದರೆ ಮುಗಿದಿತ್ತು. ಕೇಳಲಿಲ್ಲ. ಅವಳು ಊರವರನ್ನು ಕಾಪಾಡಲು ಮುಚ್ಚಿಹಾಕುತ್ತಾಳೆ ಎಂಬ ಸಂಶಯ. ಎಡಗೈಯಲ್ಲಿ ಬಾಲಯೇಸುವಿನ ತಲೆ ಎತ್ತಿ ಹಿಡಿದು, ಬಲಗೈಯಲ್ಲಿ ಫೋಟೋ ಹೊಡೆದು, ಕಾರವಾರದ ನಮ್ಮ ಇಗರ್ಜಿಯವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೆಳಗೆ ಹೀಗೆ ಬರೆದೆ: ಭಾವಿಕೇರಿಯಲ್ಲಿ ನಮ್ಮ ಬಾಲಯೇಸುವಿನ ಮುಖಕ್ಕೆ ಮಸಿ ಬಳಿದಿದ್ದಾರೆ, ನೋಡಿ. ಆಮೇಲೆ ಕೆಲಸದ ಚೀಲದಿಂದ ಥಿನ್ನರ್ ತೆಗೆದು, ಬಟ್ಟೆಗೆ ಹಾಕಿ, ಆ ಕೆನ್ನೆಯನ್ನು ಉಜ್ಜಿದೆ. ಕಪ್ಪು ಹೋಯಿತು. ಅದರ ಜೊತೆಗೆ ಕೆನ್ನೆಯ ಗುಲಾಬಿಯೂ ಹೋಯಿತು. ಒಳಗಿನ ಸುಣ್ಣದ ಬಿಳಿ ಮೈ ಎದ್ದು ಬಂತು. ದಾರ ಹರಿದೆ, ಕಬ್ಬಿಣವನ್ನು ಬೇಲಿಯಾಚೆ ಎಸೆದೆ. ಆಚೆ ಯಾರ ಅಂಗಳವಿದೆ ಎಂದು ನಿಮಗೆ ಗೊತ್ತೇ ಇದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದವಳು ತೊಟ್ಟಿಲನ್ನು ನೋಡಿ ನಿಂತಳು. ನಿನ್ನೆ ಸಂಜೆ ಬೀರಮ್ಮ ಹಚ್ಚಿದ ಕಾಡಿಗೆ ಎಲ್ಲಿ ಹೋಯಿತು ಎಂದು ಕೇಳಿದಳು. ಕೊಳಕಾಗಿತ್ತು, ಒರೆಸಿದೆ ಎಂದೆ. ಅವಳಿಗೆ ಬೇಸರವಾಯಿತು, ಆದರೆ ಹಬ್ಬದ ದಿನವೆಂದು ಬೈಯಲಿಲ್ಲ. ನಾನು ಬಚ್ಚಲ ಹಿಂದೆ ಹೋಗಿ ಫೋನು ತೆಗೆದು ಆ ಚಿತ್ರವನ್ನು ಗುಂಪಿನಿಂದ ಅಳಿಸಿದೆ. ಅಷ್ಟರಲ್ಲಿ ಅದು ನನ್ನ ಗುಂಪನ್ನು ದಾಟಿ ಯಾರ್ಯಾರದೋ ಗುಂಪಿಗೆ ಹೋಗಿತ್ತು. ನಾನು ಅಳಿಸಿದ್ದು ಚಿತ್ರವನ್ನಲ್ಲ, ಚಿತ್ರದಿಂದ ನನ್ನ ಹೆಸರನ್ನು.

ಮಧ್ಯಾಹ್ನದ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅಂಗಳದಲ್ಲಿ ಗುರುತಿಲ್ಲದ ಸ್ಕೂಟರುಗಳು ನಿಂತವು. ನಮ್ಮವರೇ ಕೆಲವು ಹುಡುಗರು, ಎಲ್ಲಿ ತೋರಿಸಿ, ಯಾರ ಕೆಲಸ ಹೇಳಿ ಎಂದು ಕೇಳತೊಡಗಿದರು. ಅವರನ್ನು ಕಂಡು ಓಣಿಯ ಜನ ಸೇರಿದರು. ಆ ಜನರನ್ನು ಕಂಡು ಹುಡುಗರ ದನಿ ಏರಿತು. ಸ್ವಲ್ಪ ಹೊತ್ತಿಗೆ ಒಬ್ಬರು ಪೊಲೀಸರೂ ಬಂದರು. ಪಾಪ, ಸಮಾಧಾನದ ಮನುಷ್ಯರು; ನೀರು ಕುಡಿದು, ಟೊಪ್ಪಿ ತೆಗೆದು, ನಿಮಗೆ ಯಾರ ಮೇಲಾದರೂ ಸಂಶಯ ಇದೆಯಾ ಎಂದು ಅಕ್ಕನನ್ನು ಕೇಳಿದರು. ಆ ಮಾತು ನನ್ನನ್ನು ಕುರಿತೇ ಕೇಳಿದಂತಿತ್ತು. ಸಂಶಯ ಯಾರ ಮೇಲಿಲ್ಲ ನನಗೆ? ಅಕ್ಕ ಏನೂ ಅರ್ಥವಾಗದೆ ನಿಂತಿದ್ದಾಗ ಹಿಂದಿನಿಂದ ದಾರಿ ಮಾಡಿಕೊಂಡು ಬೀರಮ್ಮ ಬಂದಳು. ಹಬ್ಬದ ಊಟಕ್ಕೆಂದು ಪೆಟ್ಟಿಗೆಯ ಸೀರೆ ಉಟ್ಟಿದ್ದಳು.

"ಕಾಡ್ಗೆ ಹಚ್ಚಿದ್ದು ನಾನೇ ಸಾಯೇಬ್ರೆ" ಎಂದಳು. "ನಿನ್ನೆ ಹುಟ್ಟಿದ ಕೂಸ್ನ ಯಾರಾರೂ ರಸ್ತೆ ಬದಿಗೆ ಮಲಗಿಸ್ತ್ರಾ? ಹೋಗೂರು ಬರೂರು ಎಲ್ಲಾರ ಕಣ್ಣೂ ಬೀಳ್ತದೆ. ಅಂಜಲಿಗೆ ಮಕ್ಕಳಿಲ್ಲ, ಅದ್ಕೆ ಇದೆಲ್ಲ ಗೊತ್ತಾಗೂದಿಲ್ಲ. ಕಬ್ಣ ಇಟ್ಟದ್ದೂ ನಾನೇ."

ಪೊಲೀಸರು ನಕ್ಕುಬಿಟ್ಟರು. ಹುಡುಗರು ನೆಲ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಸ್ಕೂಟರು ಹೊರಳಿಸಿದರು. ಆದರೆ ಬಂದ ಮೇಲೆ ಬರೆದುಕೊಳ್ಳಬೇಕಲ್ಲ. ಪೊಲೀಸರು ಬೀರಮ್ಮನ ಹೆಸರು, ಮಗನ ಹೆಸರು, ಫೋನು ಕೇಳಿ ಬರೆದುಕೊಂಡರು. ಆಯುಷ್ಯದಲ್ಲಿ ಎಂದೂ ಯಾವ ಪೊಲೀಸರ ಬಾಯಲ್ಲೂ ತನ್ನ ಹೆಸರು ಕೇಳದವಳು, ಓಣಿಯವರೆಲ್ಲರ ಎದುರು ತನ್ನ ಹೆಸರನ್ನು ಎರಡು ಸಲ ಹೇಳಬೇಕಾಯಿತು. ಅವಳ ಮಗ, ಇನ್ನು ಈ ಮೆಟ್ಟಿಲು ಹತ್ತಿದರೆ ನೋಡು ಎಂದು ಎಲ್ಲರಿಗೂ ಕೇಳುವಂತೆ ಅವಳಿಗೆ ಹೇಳಿ ಕರೆದುಕೊಂಡು ಹೋದ. ಅವಳಿಗೆಂದು ಹಾಕಿದ ಎಲೆ ಹಾಗೇ ಉಳಿಯಿತು. ನಾವೂ ಉಣ್ಣಲಿಲ್ಲ.

ಅಂದು ಹೊತ್ತು ಮುಳುಗುವ ಮೊದಲು ಅಕ್ಕ ಬೀರಮ್ಮನ ಅಂಗಳಕ್ಕೆ ಹೋದಳು. ನಾನೂ ಹಿಂದೆ ಹೋದೆ. ಹೋಗದಿದ್ದರೆ ಅನುಮಾನ ಬಂದೀತೆಂದು ಹೋದೆ, ನಿಜ ಹೇಳಬೇಕೆಂದರೆ. ಅಕ್ಕ ಓಣಿಗೆ ಕಾಣುವ ಹಾಗೆ ತುಳಸಿಯ ಮುಂದೆ ನಿಂತು ಕೈ ಮುಗಿದಳು. ಯಾರು ಕಳಿಸಿದರೋ ನನಗೆ ತಿಳಿಯದು, ಆದರೆ ಚಿತ್ರ ಹೋದದ್ದು ನನ್ನ ಜಗಲಿಯಿಂದ, ಆದ್ದರಿಂದ ತಪ್ಪು ನನ್ನದು ಎಂದು ಅತ್ತಳು. ಬೀರಮ್ಮ ಬಾಗಿಲಲ್ಲಿ ನಿಂತು, ಹೋಗು, ಹಬ್ಬದ ದಿನ ಅಳಬೇಡ ಎಂದಳು. ನನ್ನ ಕಡೆ ನೋಡಿದಳು. ನಾನು ತುಳಸಿ ಕಟ್ಟೆಯ ಬಣ್ಣ ಎಲ್ಲಿ ಎದ್ದಿದೆ ಎಂದು ಪರೀಕ್ಷಿಸುವವನ ಹಾಗೆ ಅತ್ತ ತಿರುಗಿದೆ.

ಹೀಗೆ ವರ್ಷ ಕಳೆಯಿತು. ಅಕ್ಕ ಬೇಲಿಯ ಹತ್ತಿರ ನಿಂತು ಮಾತಾಡಿಸಿದರೆ ಬೀರಮ್ಮ ಮಾತಾಡುತ್ತಿದ್ದಳು. ಈಚೆ ಮಾತ್ರ ಬರುತ್ತಿರಲಿಲ್ಲ. ರವಿಕೆ ಹೊಲಿಸಲು ಬರುವವರೂ ಕಡಿಮೆಯಾದರು ಎಂದು ಪಾವ್ಲು ಒಮ್ಮೆ ಹೇಳಿದ. ಫೋಟೋ ಕಳಿಸಿದವರು ಯಾರಿರಬಹುದು ಎಂದು ಅಕ್ಕ ನನ್ನ ಹತ್ತಿರವೇ ಕೇಳುತ್ತಿದ್ದಳು. ಬಂದುಹೋದ ಯಾರೋ ದಾರಿಹೋಕರು ಇರಬಹುದು ಎನ್ನುತ್ತಿದ್ದೆ. ನನ್ನ ಕಲ್ಪನೆಯ ಆ ದಾರಿಹೋಕನಿಗೆ ನಾನು ಮುಖ, ಬೈಕು ಎಲ್ಲ ಕೊಟ್ಟುಬಿಟ್ಟಿದ್ದೆ. ಸಂಶಯ ಅಂಟುರೋಗ ಎನ್ನುತ್ತಾರೆ. ಅಕ್ಕನಂಥವಳೂ ರಸ್ತೆಯಲ್ಲಿ ಹೋಗುವವರ ಮುಖವನ್ನು ಒಮ್ಮೆ ನಿಂತು ನೋಡಲು ಶುರುಮಾಡಿದ್ದನ್ನು ಕಂಡಾಗ ಮಾತ್ರ ನನಗೆ ನಿದ್ದೆ ಬರಲಿಲ್ಲ.

ಈ ವರ್ಷ ಹಬ್ಬಕ್ಕೆ ಮೊದಲಿನ ಕಾಯುವ ದಿನಗಳಲ್ಲಿ ಕಾರವಾರದ ಇಗರ್ಜಿಯಲ್ಲಿ ಕುಮ್ಸಾರಕ್ಕೆ ಹೋದೆ. ಮರದ ಜಾಲರಿಯ ಈಚೆ ಮಂಡಿಯೂರಿ, ಆಚೆ ಕೂತ ಪಾದ್ರಿಗಳಿಗೆ ಪಾಪ ಹೇಳಿಕೊಳ್ಳುವುದು ನಮ್ಮ ಕ್ರಮ. ಎಲ್ಲವನ್ನೂ ಹೇಳಿದೆ. ಹಗುರಾಗಿ ಎದ್ದು ಹೋಗುವ ಆಸೆಯಿತ್ತು. ಆ ಮುದುಕ ಪಾದ್ರಿಗಳು, ದೇವರು ಕ್ಷಮಿಸುತ್ತಾನೆ, ಅವನಿಗೆ ಅದು ಅಭ್ಯಾಸ, ಆದರೆ ಬೀದಿಯಲ್ಲಿ ಮಾಡಿದ್ದನ್ನು ಜಾಲರಿಯ ಹಿಂದೆ ಮಾತ್ರ ತೊಳೆದುಕೊಂಡರೆ ಬೀದಿ ಹಾಗೇ ಉಳಿಯುತ್ತದಲ್ಲ ಎಂದರು. ಮೊದಲು ಅವರ ಮೇಲೂ ಸಂಶಯ ಬಂತು. ನಾನು ಯಾರೆಂದು ಗುರುತು ಹಿಡಿದು ಹೇಳಿದರೋ ಎಂದು. ಮರುದಿನ ಬಸ್ಸು ಹತ್ತಿದೆ.

ಬೀರಮ್ಮ ಗದ್ದೆಯಲ್ಲಿ ಶೇಂಗಾ ಗಿಡದ ನಡುವೆ ಕೂತು ಕಳೆ ಕೀಳುತ್ತಿದ್ದಳು. ನಾನು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹವೆಯ ಮಾತು, ಬೆಳೆಯ ಮಾತು ಎಲ್ಲ ಆಡಿ ಮುಗಿಸಿ, ಕೊನೆಗೆ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಗೊತ್ತಿತ್ತು ತಮ್ಮಾ" ಎಂದಳು. "ಮಗ ಫೋನಲ್ಲಿ ತೋರ್ಸಿದ. ಕೂಸಿನ ತಲೆ ಹಿಡ್ದ ಹೆಬ್ಬೆಟ್ಟಿನ ಉಗ್ರು ನೀಲಿ ಇತ್ತು. ಈ ಊರಲ್ಲಿ ನೀಲಿ ಉಗ್ರಿನ ಗಂಡ್ಸು ಮತ್ಯಾರಿದ್ದಾರೆ?"

ಹಾಗಾದರೆ ಅಂದೇ ಏಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಕಿತ್ತ ಕಳೆಯ ಬೇರಿನ ಮಣ್ಣು ಕೊಡವುತ್ತ, "ನಿನ್ನ ಅಕ್ಕ ನನ್ನ ತಪ್ಪು ನನ್ನ ತಪ್ಪು ಅಂತ ಅಳ್ತಾ ನಿಂತಿತ್ತು. ಅದ್ರ ಮುಂದೆ ನಿನ್ನ ಹೆಸ್ರು ಹೇಳೂಕೆ ನಂಗೆ ಬಾಯಿ ಬರ್ಲಿಲ್ಲ. ನೀನಾರೂ ಹೇಳ್ತೆ ಅಂತ ನಿನ್ನ ಮೋರೆ ನೋಡ್ದೆ. ನೀನು ತುಳಸಿ ಕಟ್ಟೆ ನೋಡ್ತಿದ್ದೆ" ಎಂದಳು. ಅದನ್ನು ಬದುವಿಗೆ ಎಸೆದು, "ನನ್ನ ಹತ್ರ ಹೇಳೂದು ಸುಲಭ. ಆಕೆ ಹತ್ರ ಹೇಳು, ಹೋಗು" ಎಂದು ಮತ್ತೆ ಕಳೆಗೆ ಬಗ್ಗಿದಳು.

ಅಕ್ಕನಿಗೆ ಹೇಳಿದೆ. ಹೊಲಿಗೆ ಯಂತ್ರದ ಗಾಲಿ ತಾನಾಗಿ ತಿರುಗಿ ನಿಂತಿತು. ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದಿದ್ದೆ. ಅವಳು ಕೇಳಿದ್ದು ಬೇರೆ.

"ಆ ಕೆನ್ನೆ ತಿಕ್ಕುವಾಗ ನಿನಗೆ ಯಾರ ಮೇಲೆ ಸಿಟ್ಟಿತ್ತು ಮಿಂಗೇಲಾ?"

ಬಳಿದವರ ಮೇಲೆ ಎನ್ನಲು ಹೋದೆ. ಅವಳೇ ಹೇಳಿದಳು: "ನನ್ನ ಮೇಲೆ ಅಲ್ವಾ?"

ಹೌದು, ಓದುವವರೆ, ಅವಳ ಮೇಲೆ. ನಾನು ಅಷ್ಟು ಜತನದಿಂದ ಬಚ್ಚಿಟ್ಟುಕೊಂಡು ಬದುಕುತ್ತಿದ್ದುದನ್ನು ರಸ್ತೆ ಬದಿಗೆ ತಂದಿಟ್ಟವಳ ಮೇಲೆ. ಅವಳ ಧೈರ್ಯ ನನ್ನ ಹೇಡಿತನವನ್ನು ದಿನವೂ ಬೆಳಕಿಗೆ ಹಿಡಿಯುತ್ತಿತ್ತು. ಒಮ್ಮೆ ಏನಾದರೂ ಅನಾಹುತವಾಗಲಿ, ನಾನು ಹೇಳಿರಲಿಲ್ಲವೇ ಎಂದು ಹೇಳುವ ಸಂತೋಷ ನನಗೆ ಸಿಗಲಿ ಎಂದು ನಾನು ವರ್ಷಗಳಿಂದ ಕಾದಿದ್ದೆನೇನೋ. ಕೆನ್ನೆಯ ಕಪ್ಪು ಕಂಡಾಗ ನನ್ನ ಎದೆ ಉರಿದದ್ದು ನಿಜ. ಆದರೆ ಆ ಉರಿಯ ತಳದಲ್ಲಿ ಸಣ್ಣದೊಂದು ಸಮಾಧಾನವೂ ಇತ್ತು, ಕೊನೆಗೂ ಆಯಿತಲ್ಲ ಎಂದು. ದೇವರ ಮುಂದೆ ಹೇಳಿಕೊಳ್ಳದೆ ಉಳಿದದ್ದು ಇದೊಂದು. ಜಾಲರಿಯ ಹಿಂದೆಯೂ ಬಾಯಿಗೆ ಬಂದಿರಲಿಲ್ಲ. ಅಕ್ಕನ ಒಂದು ಪ್ರಶ್ನೆಗೆ ಬಂತು.

ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ. ಆ ಗುಂಪಿನವರಿಗೂ ತಿಳಿಯಬೇಕಲ್ಲ ಎಂದಳು, ಅಷ್ಟೆ. ಅಲ್ಲೇ ಕೂತು ಬರೆದೆ. ಕಳೆದ ವರ್ಷ ಭಾವಿಕೇರಿಯ ಚಿತ್ರ ಕಳಿಸಿದವನು ನಾನು. ಅದು ಮಸಿಯಲ್ಲ, ನೆರೆಯ ತಾಯಿ ಕೂಸಿಗೆ ಪ್ರೀತಿಯಿಂದ ಇಟ್ಟ ದೃಷ್ಟಿಬೊಟ್ಟು. ನಾನು ವಿಚಾರಿಸದೆ ಬರೆದೆ, ಆಮೇಲೆ ಹೆದರಿ ಅಳಿಸಿದೆ, ಈ ಮಾತನ್ನು ದಯವಿಟ್ಟು ಆ ಚಿತ್ರದಷ್ಟೇ ದೂರ ಕಳಿಸಿ ಎಂದು. ಒತ್ತಿದೆ. ಕೆಂಪು ಟೊಪ್ಪಿಯ ಮುದುಕ, ಹಾರುವ ಜಿಂಕೆ, ಹೊಳೆಯುವ ಶುಭಾಶಯಗಳ ನಡುವೆ ನನ್ನ ಮಾತು ಮೇಲಕ್ಕೆ ಸರಿಯುತ್ತ ಹೋಯಿತು. ಒಬ್ಬರು ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಓದಿ ಹಾಕಿದರೋ ಓದದೆ ಹಾಕಿದರೋ ತಿಳಿಯದು. ಸಿಟ್ಟಿನ ಮಾತಿಗೆ ರೆಕ್ಕೆ ಇರುವಂತೆ ಪಶ್ಚಾತ್ತಾಪದ ಮಾತಿಗೆ ಇಲ್ಲ. ಅದು ನಡೆದುಕೊಂಡೇ ಹೋಗಬೇಕು. ಹಾಗಾಗಿ ಸ್ಕೂಟರಿನಲ್ಲಿ ಬಂದಿದ್ದ ಹುಡುಗರಲ್ಲಿ ಗುರುತು ಸಿಕ್ಕವರ ಮನೆಗೆ, ಬೀರಮ್ಮನ ಮಗನ ಹತ್ತಿರಕ್ಕೆ ನಾನೇ ನಡೆದು ಹೋಗಿ ಹೇಳಿ ಬಂದೆ. ಮಗ ಎಲ್ಲ ಕೇಳಿ, ಆಯ್ತು ಎಂದ. ಆ ಆಯ್ತುವಿನಲ್ಲಿ ಏನೇನಿತ್ತೋ.

ಹಬ್ಬದ ಹಿಂದಿನ ದಿನ ನಾನು ಕಾರವಾರದ ಕೆಲಸಗಳನ್ನೆಲ್ಲ ಬೇಗ ಮುಗಿಸಿ ಭಾವಿಕೇರಿಗೆ ಬಂದಿದ್ದೆ. ಸಂಜೆಯ ಪೂಜೆ ಮುಗಿಸಿ ಬಂದ ಅಕ್ಕ ಬಾಲಯೇಸುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕೆನ್ನೆಗೆ ಬಣ್ಣ ಹಚ್ಚಿಕೊಡುತ್ತೇನೆ ಎಂದು ನಾನು ಹೇಳಿದ್ದೆ. ಈ ವರ್ಷ ಹೀಗೇ ಇರಲಿ ಎಂದಿದ್ದಳು. ಬಿಳಿಯ ಗಾಯದ ಆ ಮುಖವನ್ನು ದೀಪದ ಬೆಳಕಿನಲ್ಲಿ ನೋಡುತ್ತ ನಿಂತಿದ್ದಾಗ ಮೆಟ್ಟಿಲ ಕೆಳಗೆ ಹೆಜ್ಜೆಯ ಸದ್ದಾಯಿತು. ಬೀರಮ್ಮ. ಅಷ್ಟು ವರ್ಷ ಹೇಳದೆ ಕೇಳದೆ ಬಂದು ಹೋಗುತ್ತಿದ್ದವಳು ಕೆಳಗಿನ ಮೆಟ್ಟಿಲ ಮೇಲೆ ನಿಂತು, "ಮೇಲೆ ಬರ್ಲಾ?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ಅವಳಿಗೆ ಕಲಿಸಿದವನು ನಾನು. ಅಕ್ಕ ನನ್ನ ಕಡೆ ನೋಡಿದಳು. ಬಾ ಬೀರಮ್ಮಾ ಎಂದೆ. ಅವಳು ಹತ್ತಿ ಬಂದಳು. ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ಗೋದಲಿಯಿಂದ ಒಂದು ಮಾರು ದೂರ ನಿಂತು, ಕೂಸನ್ನು ಬಹಳ ಹೊತ್ತು ನೋಡಿದಳು. ಮುಟ್ಟಲಿಲ್ಲ. ಅಕ್ಕ ಸಿಹಿಯ ತಟ್ಟೆ ತರಲು ಒಳಗೆ ಹೋದಳು. ಬೀರಮ್ಮ ತೊಟ್ಟಿಲಿನಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು:

"ಇಬ್ಬನಿ ಬೀಳ್ತದೆ. ಒಂದು ಬಟ್ಟೆ ಹೊದಿಸು."

ನನ್ನ ಹತ್ತಿರ ಇದ್ದದ್ದು ಹೆಗಲ ಮೇಲಿನ ಟವೆಲು, ಒಗೆದದ್ದು. ಮಂಡಿಯೂರಿ ಅದನ್ನು ನಾಲ್ಕು ಮಡಿಕೆ ಮಾಡಿ ಕೂಸಿಗೆ ಹೊದಿಸತೊಡಗಿದೆ. ಪ್ರಾಯಕ್ಕೆ ಬಂದ ಮೇಲೆ ಎಂದೂ ಮಗುವನ್ನು ಮುಟ್ಟದ ಕೈ; ಹೊದಿಕೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಜಾರುತ್ತಿತ್ತು, ಬೀರಮ್ಮ ಕಾಲಿನ ಹತ್ತಿರ ಸಿಕ್ಕಿಸು ಎಂದು ಹೇಳಿಕೊಡುತ್ತಿದ್ದಳು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ರಸ್ತೆಯಲ್ಲಿ, ಯಾವುದೋ ಬೈಕು ನಿಧಾನವಾಯಿತು. ಯಾರದು, ಏನು ನೋಡುತ್ತಿದ್ದಾರೆ ಎಂದು ತಿರುಗಬೇಕೆನ್ನಿಸಿತು. ಕಾಲಿನ ಕಡೆಯ ಮಡಿಕೆ ಇನ್ನೂ ಸರಿಯಾಗಿರಲಿಲ್ಲ. ನಾನು ತಿರುಗಲಿಲ್ಲ.